ಬೆಲೆ ತೆತ್ತವರನ್ನು ಯಾರೂ ಕೇಳಿರಲಿಲ್ಲ

ನಾನು ಹನ್ನೊಂದು ವರ್ಷ ಶಾಲೆಯಲ್ಲಿ ಪಾಠ ಮಾಡಿದ್ದೇನೆ. ಮೇಲಿನಿಂದ ಒಂದು ಸುತ್ತೋಲೆ ಬಂದಾಗ ಸ್ಟಾಫ್ ರೂಮಿನಲ್ಲಿ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಯಾರೋ ಒಬ್ಬರು ಜೋರಾಗಿ ಓದುತ್ತಾರೆ. ಆಮೇಲೆ ಒಂದು ಗಳಿಗೆ ಯಾರೂ ಮಾತಾಡುವುದಿಲ್ಲ. ಎಲ್ಲರೂ ಎಲ್ಲರ ಮುಖ ನೋಡುತ್ತಾರೆ. ಮನಸ್ಸಿಗೆ ಒಪ್ಪದ ಸುತ್ತೋಲೆಯಾದರೂ ಕೊನೆಗೆ ಪೆನ್ನು ಕೈಯಿಂದ ಕೈಗೆ ದಾಟಿ ಎಲ್ಲರ ಸಹಿ ಬೀಳುತ್ತದೆ. ನಾನೂ ಹಾಗೆ ಎಷ್ಟೋ ಸಹಿ ಹಾಕಿದ್ದೇನೆ.

ಅದಕ್ಕೇ ಇರಬೇಕು, 1942ರ ನಾರ್ವೆಯ ಶಿಕ್ಷಕರ ವಿಷಯ ಓದಿದ ದಿನದಿಂದ ಅದು ನನ್ನ ತಲೆಯಿಂದ ಹೋಗಿಲ್ಲ.

ಆಗ ನಾರ್ವೆ ಜರ್ಮನ್ನರ ವಶದಲ್ಲಿತ್ತು. ಅವರ ಕೈಕೆಳಗೆ ಆಳುತ್ತಿದ್ದವನು ಅದೇ ದೇಶದ ವಿಡ್‌ಕುನ್ ಕ್ವಿಸ್ಲಿಂಗ್. 1942ರ ಫೆಬ್ರವರಿ 5ರಂದು ಅವನ ಸರ್ಕಾರ ಕಾನೂನು ಮಾಡಿತು. ಶಿಕ್ಷಕರೆಲ್ಲ ಸರ್ಕಾರದ ಹೊಸ ಸಂಘಕ್ಕೆ ಸೇರಲೇಬೇಕು. ಹತ್ತರಿಂದ ಹದಿನೆಂಟು ವರ್ಷದ ಮಕ್ಕಳೆಲ್ಲ ಕ್ವಿಸ್ಲಿಂಗ್‌ನ ಪಕ್ಷದ ಯುವದಳಕ್ಕೆ ಸೇರಲೇಬೇಕು. ಸಂಘದ ಮುಖ್ಯಸ್ಥನಾಗಿ ಬಂದವನು ಪಕ್ಷದ ಹೊಡಿಬಡಿ ಪಡೆಯ ಮುಂದಾಳಾಗಿದ್ದವನು.

ಓಸ್ಲೋದಲ್ಲಿ ಕೆಲವು ಶಿಕ್ಷಕರು ಗುಟ್ಟಾಗಿ ಸೇರಿ ಒಂದು ಸಣ್ಣ ಪತ್ರ ಬರೆದರು. ಈ ಯುವದಳ ಹೇಳುವ ರೀತಿಯಲ್ಲಿ ಮಕ್ಕಳನ್ನು ಬೆಳೆಸುವುದಕ್ಕೆ ನನ್ನ ಆತ್ಮಸಾಕ್ಷಿ ಒಪ್ಪುವುದಿಲ್ಲ, ಆದ್ದರಿಂದ ಸಂಘದ ಸದಸ್ಯತ್ವ ನನಗೆ ಬೇಡ ಎನ್ನುವುದು ಅದರ ಸಾರ. ಅದನ್ನು ದೇಶದ ತುಂಬ ಕೈಯಿಂದ ಕೈಗೆ ಹಂಚಿದರು. ಎಲ್ಲರೂ ಒಂದೇ ಒಕ್ಕಣೆ ಬರೆಯಬೇಕು. ಕೆಳಗೆ ತಮ್ಮ ಹೆಸರು, ವಿಳಾಸ ಹಾಕಬೇಕು. ಒಂದೇ ದಿನ ಅಂಚೆಗೆ ಹಾಕಬೇಕು. ದೇಶದಲ್ಲಿದ್ದ ಸುಮಾರು 12,000 ಶಿಕ್ಷಕರಲ್ಲಿ 8,000ಕ್ಕೂ ಹೆಚ್ಚು ಜನ ಹಾಗೇ ಮಾಡಿದರು.

ಹೆಸರು, ವಿಳಾಸ ಎರಡನ್ನೂ ಹಾಕಿದ್ದು ನೋಡಿ. ಗುಟ್ಟಾಗಿ ಕರಪತ್ರ ಅಂಟಿಸುವುದಕ್ಕೂ ಇದಕ್ಕೂ ತುಂಬ ವ್ಯತ್ಯಾಸವಿದೆ. ನನ್ನನ್ನು ಹಿಡಿಯಬೇಕು ಅಂದರೆ ಇಲ್ಲಿಗೆ ಬನ್ನಿ ಎಂದು ಅವರೇ ಬರೆದುಕೊಟ್ಟಿದ್ದರು.

ಸರ್ಕಾರ ಗಾಬರಿಯಾಯಿತು. ಚಳಿಗೆ ಉರುವಲು ಸಾಲದು ಎಂದು ನೆಪ ಹೇಳಿ ಒಂದು ತಿಂಗಳು ಶಾಲೆ ಮುಚ್ಚಿತು. ಅಪ್ಪ ಅಮ್ಮಂದಿರು ಸುಮ್ನೆ ಕೂರಲಿಲ್ಲ. ಅವರಿಂದಲೂ ಲಕ್ಷಗಟ್ಟಲೆ ವಿರೋಧದ ಪತ್ರ ಬಂದವು. ಮಾರ್ಚ್‌ನಲ್ಲಿ ಸುಮಾರು 1,100 ಶಿಕ್ಷಕರನ್ನು ಹಿಡಿದು ಶಿಬಿರಗಳಿಗೆ ಹಾಕಿದರು. ಹೊಟ್ಟೆಗೆ ಸರಿಯಾಗಿ ಕೊಡದೆ, ಹಿಮದಲ್ಲಿ ತೆವಳಿಸಿದರು. ಸಹಿ ವಾಪಸ್ ತೆಗೆದುಕೊಂಡರೆ ಮನೆಗೆ ಹೋಗಬಹುದಿತ್ತು. ಕೆಲವರು ಸೋತರು. ಬಹುಪಾಲು ಜನ ಸೋಲಲಿಲ್ಲ. ಏಪ್ರಿಲ್‌ನಲ್ಲಿ ಅವರಲ್ಲಿ ಸುಮಾರು 500 ಮಂದಿಯನ್ನು ದನದ ಬೋಗಿಗಳಲ್ಲಿ ತುಂಬಿ ಟ್ರೊಂಡ್‌ಹೈಮಿಗೆ ತಂದರು. ಅಲ್ಲಿಂದ ಅಷ್ಟು ಜನಕ್ಕೆ ಜಾಗವೇ ಇಲ್ಲದ ಹಳೆಯ ಹಡಗಿನಲ್ಲಿ ಉತ್ತರ ತುದಿಯ ಕಿರ್ಕೆನೆಸ್‌ಗೆ ಕಳಿಸಿದರು. ರೈಲು ಹಾದುಹೋಗುವ ನಿಲ್ದಾಣಗಳಲ್ಲಿ ಮಕ್ಕಳು ಬಂದು ನಿಂತು ಹಾಡು ಹೇಳಿದರು. ನನಗೆ ಕಣ್ಣು ತುಂಬುವುದು ಈ ಜಾಗದಲ್ಲಿ. ಪಾಠ ಕಲಿತ ಮಕ್ಕಳು ಮೇಷ್ಟ್ರನ್ನು ಬೀಳ್ಕೊಡಲು ಬಂದದ್ದು ಅಲ್ವಾ.

ಕಿರ್ಕೆನೆಸ್‌ನಲ್ಲಿ ರಷ್ಯನ್ ಕೈದಿಗಳ ಜೊತೆ ಹಡಗಿನ ಸರಕು ಇಳಿಸುವ ಕೆಲಸ. ಮನೆಯಲ್ಲಿ ಸಂಬಳ ನಿಂತಿತ್ತು. ಊರಿನವರು ಗುಟ್ಟಾಗಿ ದುಡ್ಡು ಕೂಡಿಸಿ ಅವರ ಹೆಂಡತಿ ಮಕ್ಕಳನ್ನು ನೋಡಿಕೊಂಡರು. ಕೊನೆಗೆ ಸೋತದ್ದು ಕ್ವಿಸ್ಲಿಂಗ್. ಒಂದು ಶಾಲೆಗೆ ಹೋಗಿ, ನೀವು ಶಿಕ್ಷಕರು ನನ್ನದೆಲ್ಲವನ್ನೂ ಹಾಳುಮಾಡಿದಿರಿ ಎಂದು ಕೂಗಾಡಿದ. ಆ ವರ್ಷದ ನವೆಂಬರ್ ಹೊತ್ತಿಗೆ ಶಿಕ್ಷಕರು ಮನೆಗೆ ಮರಳಿದರು.

ಇಂಥ ಘಟನೆ ಓದಿದರೆ ಮನಸ್ಸು ಉಬ್ಬುತ್ತದೆ. ನನಗೂ ಮೊದಲು ಹಾಗೇ ಆಯಿತು. ಆಮೇಲೆ ಇದೇ ಥರದ ಬೇರೆ ಬೇರೆ ಪ್ರಸಂಗಗಳನ್ನು ವರ್ಷಗಟ್ಟಲೆ ಓದಿದೆ. ಸೈನ್ಯಕ್ಕೆ ಎದುರಾಗಿ ಸೈನ್ಯ ನಿಲ್ಲದ ಯುದ್ಧಗಳು. ಇಲ್ಲಿ ರಣರಂಗ, ಇಲ್ಲಿ ಊರು ಎಂದು ಗೆರೆ ಎಳೆಯಲಾಗದ ಯುದ್ಧಗಳು. ರಾತ್ರಿ ಯಾರೋ ಬಂದು ಬಾಗಿಲು ಬಡಿಯುತ್ತಾರೆ, ಒಳಗೆ ಬಿಡಬೇಕೋ ಬೇಡವೋ ಎಂದು ಒಂದು ಹೆಂಗಸು ನಿಂತ ನಿಲುವಿನಲ್ಲಿ ತೀರ್ಮಾನ ಮಾಡಬೇಕು. ಓದುತ್ತಾ ಓದುತ್ತಾ ಒಂದು ಪ್ರಶ್ನೆ ಅಂಟಿಕೊಂಡಿತು. ತೀರ್ಮಾನ ಮಾಡಿದವರು ಯಾರು, ಬೆಲೆ ತೆತ್ತವರು ಯಾರು? ನಾರ್ವೆಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಬ್ಬರೇ. ಸಹಿ ಹಾಕಿದವನೇ ಹಡಗು ಹತ್ತಿದ. ಆ ಪತ್ರಕ್ಕೆ ಅಷ್ಟು ತೂಕ ಬಂದದ್ದು ಅದರಿಂದಲೇ ಎಂದು ನನಗನ್ನಿಸುತ್ತದೆ. ಬೇರೆ ಕಡೆ ಹಾಗಿರಲಿಲ್ಲ.

ಅದೇ 1942. ಪ್ರಾಗ್ ನಗರ. ರೈನ್‌ಹಾರ್ಡ್ ಹೈಡ್ರಿಕ್ ಅಲ್ಲಿ ಜರ್ಮನ್ನರ ಪರವಾಗಿ ಆಳುತ್ತಿದ್ದ. ಯಹೂದಿಗಳನ್ನು ಕೊಲ್ಲುವ ಯೋಜನೆಯ ಮುಖ್ಯ ರೂವಾರಿಗಳಲ್ಲಿ ಒಬ್ಬ. ಅವನನ್ನು ಕೊಲ್ಲಲು, ದೇಶ ಬಿಟ್ಟು ಲಂಡನ್ನಿನಲ್ಲಿದ್ದ ಚೆಕ್ ಸರ್ಕಾರ ತರಬೇತಾದ ಯುವಕರನ್ನು ಪ್ಯಾರಾಚೂಟಿನಲ್ಲಿ ಇಳಿಸಿತು. ಯೋಸೆಫ್ ಗಾಬ್ಚಿಕ್, ಯಾನ್ ಕುಬಿಶ್ ಅವರಲ್ಲಿ ಮುಖ್ಯರು. ಇಳಿದವರು ತಿಂಗಳುಗಟ್ಟಲೆ ಎಲ್ಲಿದ್ದರು? ಜನರ ಮನೆಗಳಲ್ಲಿ. ಮೇರಿ ಮೊರಾವ್ಸೊವಾ ಎಂಬ ಗೃಹಿಣಿ ಅವರಿಗೆ ಮನೆ ಹುಡುಕಿಕೊಡುತ್ತಿದ್ದರು, ಊಟ ಹಾಕುತ್ತಿದ್ದರು, ಬಟ್ಟೆ ಹೊಂದಿಸುತ್ತಿದ್ದರು. ಹುಡುಗರು ಆಕೆಯನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು.

ಏನು ನಡೆಯಲಿದೆ ಎಂಬ ವಾಸನೆ ಅಲ್ಲಿನ ಭೂಗತ ಹೋರಾಟಗಾರರಿಗೆ ಸಿಕ್ಕಿತು. ಅವರು ರೇಡಿಯೊ ಮೂಲಕ ಲಂಡನ್ನಿಗೆ ಬೇಡಿಕೊಂಡರು. ಇದನ್ನು ಮಾಡಬೇಡಿ, ಸಾವಿರಾರು ಜನ ಸಾಯುತ್ತಾರೆ, ನಮ್ಮ ಸಂಘಟನೆಯೇ ನಾಶವಾಗುತ್ತದೆ ಎಂದರು. ಯೋಜನೆ ನಿಲ್ಲಲಿಲ್ಲ. ಮೇ 27ರಂದು ದಾಳಿ ನಡೆಯಿತು. ಜೂನ್ 4ರಂದು ಹೈಡ್ರಿಕ್ ಸತ್ತ.

ಜೂನ್ 10. ಪ್ರಾಗ್‌ನಿಂದ ಸ್ವಲ್ಪ ದೂರದ ಲಿಡಿಸೆ ಎಂಬ ಹಳ್ಳಿ. ದಾಳಿಗೂ ಆ ಹಳ್ಳಿಗೂ ಸಂಬಂಧವೇ ಇರಲಿಲ್ಲ. ಅಲ್ಲಿನ ಎರಡು ಮನೆಯ ಹುಡುಗರು ಬ್ರಿಟನ್ನಿನಲ್ಲಿ ಚೆಕ್ ಪಡೆಯಲ್ಲಿದ್ದರು, ಒಂದು ಪತ್ರದ ಮೇಲೆ ಅನುಮಾನ ಬಂದಿತ್ತು, ಅಷ್ಟೇ. ಒಂದು ಹೊಲದ ಮನೆಯ ಗೋಡೆಗೆ ನಿಲ್ಲಿಸಿ 173 ಗಂಡಸರನ್ನು ಗುಂಡಿಟ್ಟು ಕೊಂದರು. ಹೆಂಗಸರನ್ನು ರಾವೆನ್ಸ್‌ಬ್ರೂಕ್ ಶಿಬಿರಕ್ಕೆ ಕಳಿಸಿದರು. ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡರು. ಊರನ್ನು ಸುಟ್ಟು, ಸಿಡಿಸಿ, ನೆಲಸಮ ಮಾಡಿದರು. ಸ್ಮಶಾನವನ್ನೂ ಬಿಡಲಿಲ್ಲ.

ಸುದ್ದಿ ಕೇಳಿದ ಗಾಬ್ಚಿಕ್ ಮತ್ತು ಕುಬಿಶ್, ನಾವೇ ಕೊಂದದ್ದು ಎಂಬ ಫಲಕ ಕೊರಳಿಗೆ ಹಾಕಿಕೊಂಡು ಎಲ್ಲರೂ ಕಾಣುವ ಜಾಗದಲ್ಲಿ ಪ್ರಾಣ ಬಿಡುವ ಯೋಚನೆ ಮಾಡಿದ್ದರಂತೆ. ಅವರನ್ನು ಬಚ್ಚಿಟ್ಟವರು ತಡೆದರು. ಆ ಹುಡುಗರ ಸಂಕಟ ನೆನೆಸಿಕೊಂಡರೆ ನನಗೆ ಹೊಟ್ಟೆ ಹಿಂಡುತ್ತದೆ. ಅವರೂ ಬೇರೆಯವರು ಮಾಡಿದ ತೀರ್ಮಾನವನ್ನೇ ಹೊತ್ತು ಬಂದವರು.

ಇನ್ನು ಕರೆಲ್ ಚುರ್ಡಾ. ಅವನೂ ಹಾಗೇ ಪ್ಯಾರಾಚೂಟಿನಲ್ಲಿ ಇಳಿದವನು. ಆ ದಿನಗಳಲ್ಲಿ ತಾಯಿಯ ಮನೆಯಲ್ಲಿ ಅಡಗಿದ್ದ. ಕೊಂದವರ ಸುಳಿವು ಕೊಟ್ಟವರಿಗೆ ಬಹುಮಾನ, ಗೊತ್ತಿದ್ದೂ ಹೇಳದವರ ಮನೆಮಂದಿಗೆಲ್ಲ ಸಾವು ಎಂದು ಸಾರಿದ್ದರು. ಜೂನ್ 16ರಂದು ಅವನು ಪ್ರಾಗ್‌ಗೆ ಹೋಗಿ ಜರ್ಮನ್ನರ ಗುಪ್ತ ಪೊಲೀಸರಾದ ಗೆಸ್ಟಾಪೊ ಕಚೇರಿಯ ಮೆಟ್ಟಿಲು ಹತ್ತಿದ. ಮರುದಿನ ನಸುಕಿನಲ್ಲಿ ಗೆಸ್ಟಾಪೊದವರು ಮೇರಿಯ ಮನೆಯ ಬಾಗಿಲು ಬಡಿದರು. ಮೇರಿ ವಿಷ ಕಚ್ಚಿ ಪ್ರಾಣ ಬಿಟ್ಟರು. ಮಗ ಆಟಾನಿಗೆ ಚಿತ್ರಹಿಂಸೆ ಕೊಟ್ಟು ಬಾಯಿ ಬಿಡಿಸಿದರು. ಜೂನ್ 18ರಂದು ಒಂದು ಚರ್ಚಿನಲ್ಲಿ ಅಡಗಿದ್ದ ಏಳು ಮಂದಿ ಹೋರಾಡಿ ಸತ್ತರು. ಆಟಾನನ್ನೂ ಅವನ ತಂದೆಯನ್ನೂ ಅದೇ ವರ್ಷ ಮೌಟ್‌ಹೌಸೆನ್ ಶಿಬಿರದಲ್ಲಿ ಕೊಂದರು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಚುರ್ಡಾನನ್ನು ಗಲ್ಲಿಗೆ ಹಾಕಿದರು.

ಅವನನ್ನು ದ್ರೋಹಿ ಎಂದು ಹೇಳಿ ಮುಗಿಸಬಹುದು. ಅವನು ದ್ರೋಹಿಯೇ. ಬಹುಮಾನವನ್ನೂ ತೆಗೆದುಕೊಂಡ, ಆಮೇಲೆ ಅವರ ಕೆಲಸವನ್ನೂ ಮಾಡಿದ. ಆದರೆ ತಾಯಿಯ ಮನೆಯಲ್ಲಿ ಕೂತು ಲಿಡಿಸೆಯ ಸುದ್ದಿ ಕೇಳಿದ ಆ ಕೆಲವು ದಿನಗಳನ್ನು ನಾನು ಮರೆಯಲಾರೆ. ತಾನು ಅಡಗಿರುವುದು ಗೊತ್ತಾದರೆ ಈ ಮನೆಯವರ ಗತಿ ಏನು ಎಂಬ ಹೆದರಿಕೆಯನ್ನು ಹುಟ್ಟಿಸುವುದಕ್ಕೇ ಲಿಡಿಸೆಯನ್ನು ಸುಟ್ಟದ್ದು. ಹಳ್ಳಿಗಳನ್ನು ಸುಡುವವರು ಹುಡುಕುವುದು ಅಂಥ ಒಬ್ಬನನ್ನು. ಮೇರಿಯಂಥವರು ನೂರಾರು ಜನರಿದ್ದರು. ಸುಡುವವರಿಗೆ ಚುರ್ಡಾನಂಥ ಒಬ್ಬ ಸಾಕಾಗಿತ್ತು.

ಹೈಡ್ರಿಕ್‌ನನ್ನು ಕೊಂದದ್ದು ತಪ್ಪು ಎಂದು ನಾನು ಹೇಳಲಾರೆ. ಲಿಡಿಸೆಯ ಪಾಪ ಗುಂಡು ಹಾರಿಸಿದವರದು, ಅದರಲ್ಲಿ ಪಾಲು ಹಂಚುವ ಮಾತೇ ಇಲ್ಲ. ಲಂಡನ್ನಿನಲ್ಲಿದ್ದವರಿಗೆ ತಮ್ಮ ದೇಶದ ಹೆಸರು ಉಳಿಸಿಕೊಳ್ಳಬೇಕಿತ್ತು. ಅದೇ ಆಗಸ್ಟ್‌ನಲ್ಲಿ ಬ್ರಿಟನ್, ಚೆಕ್ ನೆಲದ ಒಂದು ಭಾಗವನ್ನು ಹಿಟ್ಲರನಿಗೆ ಬಿಟ್ಟುಕೊಟ್ಟಿದ್ದ ಮ್ಯೂನಿಕ್ ಒಪ್ಪಂದದಿಂದ ಹಿಂದೆ ಸರಿಯಿತು. ಅವರು ಬಯಸಿದ್ದು ಸಿಕ್ಕಿತು. ಆದರೂ ಒಂದು ಮಾತು ನನಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ಬೇಡ ಎಂದು ಹೇಳಿದವರು ಹೇಡಿಗಳಾಗಿರಲಿಲ್ಲ. ಅದೇ ನೆಲದ ಮೇಲೆ ನಿಂತು ದಿನವೂ ಜೀವ ಒತ್ತೆಯಿಟ್ಟವರು. ಬೆಲೆ ಎಷ್ಟಾಗಬಹುದು ಎಂದು ಲೆಕ್ಕ ಗೊತ್ತಿದ್ದವರು ಅವರೊಬ್ಬರೇ. ಅವರ ಮಾತನ್ನೇ ಕೇಳಲಿಲ್ಲ.

ನೆದರ್ಲೆಂಡ್ಸಿನದು ಇನ್ನೂ ತೊಡಕಿನ ಕತೆ. 1944ರ ಸೆಪ್ಟೆಂಬರ್ 17ರಂದು ಮಿತ್ರಪಡೆಗಳು ಅಲ್ಲಿ ಇಳಿದವು. ಜರ್ಮನ್ನರು ಪಡೆಗಳನ್ನು ಸಾಗಿಸದಂತೆ ರೈಲು ನಿಲ್ಲಿಸಿ ಎಂದು ಲಂಡನ್ನಿನಿಂದ ರೇಡಿಯೊ ಕರೆ ಬಂತು. ಸುಮಾರು 30,000 ರೈಲ್ವೆ ನೌಕರರು ಕೆಲಸ ಬಿಟ್ಟು ತಲೆಮರೆಸಿಕೊಂಡರು. ಅಷ್ಟು ಜನಕ್ಕೆ ಸಂಬಳ ಬೇಕಲ್ಲ? ಅದನ್ನು ಹೊಂದಿಸಿದವರು ವಾಲ್ರಾವೆನ್ ವಾನ್ ಹಾಲ್ ಎಂಬ ಬ್ಯಾಂಕರ್. ದೇಶದ ಕೇಂದ್ರ ಬ್ಯಾಂಕಿನ ಖಜಾನೆಯಲ್ಲಿದ್ದ ಸರ್ಕಾರಿ ಸಾಲಪತ್ರಗಳ ಜಾಗದಲ್ಲಿ ನಕಲಿ ಪತ್ರಗಳನ್ನು ಇಡಿಸಿದರು. ಅಸಲಿ ಪತ್ರ ಮಾರಿ ಕೋಟಿಗಟ್ಟಲೆ ಗಿಲ್ಡರ್ ತೆಗೆದರು. ಬಂದೂಕು ಮುಟ್ಟದ ಈ ಮನುಷ್ಯ ಇಲ್ಲದಿದ್ದರೆ ಆ ಮುಷ್ಕರ ಒಂದು ತಿಂಗಳೂ ನಡೆಯುತ್ತಿರಲಿಲ್ಲ. 1945ರ ಫೆಬ್ರವರಿ 12ರಂದು, ಬಿಡುಗಡೆಗೆ ಮೂರು ತಿಂಗಳಿಗಿಂತ ಕಡಿಮೆ ಸಮಯ ಇದ್ದಾಗ, ಅವರನ್ನು ಹಾರ್ಲೆಮ್‌ನಲ್ಲಿ ಗುಂಡಿಟ್ಟು ಕೊಂದರು.

ರೈಲು ನಿಂತದ್ದಕ್ಕೆ ಸೇಡಾಗಿ ಜರ್ಮನ್ನರು ಪಶ್ಚಿಮದ ನಗರಗಳಿಗೆ ಆಹಾರ ಸಾಗಿಸುವುದನ್ನು ತಡೆದರು. ಆಮೇಲೆ ತಡೆ ಸಡಿಲಿಸುವ ಹೊತ್ತಿಗೆ ಕಾಲುವೆಗಳು ಹೆಪ್ಪುಗಟ್ಟಿದವು. ಆಮ್‌ಸ್ಟರ್‌ಡ್ಯಾಮಿನ ಜನ ಟ್ಯುಲಿಪ್ ಗೆಡ್ಡೆ ಬೇಯಿಸಿ ತಿಂದರು. ಮನೆಯ ಬಾಗಿಲು, ಮೆಟ್ಟಿಲು ಕಿತ್ತು ಒಲೆಗೆ ಹಾಕಿದರು. ಆ ಚಳಿಗಾಲದಲ್ಲಿ ಸುಮಾರು 20,000 ಜನ ಹಸಿವಿನಿಂದ ಸತ್ತರು. ಸತ್ತವರಲ್ಲಿ ವಯಸ್ಸಾದವರು, ಹಸುಗೂಸುಗಳು ಜಾಸ್ತಿ. ಏಪ್ರಿಲ್ 29ರಂದು ವಿಮಾನಗಳು ಬಾಂಬಿನ ಬದಲು ಊಟದ ಚೀಲ ಬೀಳಿಸುವವರೆಗೂ ಹೊಟ್ಟೆಗೆ ದಾರಿಯಿರಲಿಲ್ಲ.

ಮಿತ್ರಪಡೆಗಳ ಆ ದಾಳಿ ಕೆಲವೇ ದಿನಗಳಲ್ಲಿ ಸೋತಿತ್ತು. ಮುಷ್ಕರ ನಿಲ್ಲಲಿಲ್ಲ. ನಿಲ್ಲಿಸಿದರೆ ಆ 30,000 ಜನರ ಗತಿ ಏನು? ಅದಕ್ಕೂ ಉತ್ತರವಿರಲಿಲ್ಲ. ಒಮ್ಮೆ ಹತ್ತಿದ ಹುಲಿಯ ಬೆನ್ನಿನಿಂದ ಇಳಿಯುವುದು ಹೇಗೆ?

ಇದಕ್ಕಿಂತ ಕಷ್ಟದ ಸಂಗತಿ ಇನ್ನೊಂದಿದೆ. 1942ರಿಂದ ಅದೇ ಹಳಿಗಳ ಮೇಲೆ, ಅದೇ ನೌಕರರ ಕೈಯಲ್ಲಿ, ಯಹೂದಿಗಳನ್ನು ಕೂಡಿಹಾಕಿ ಸಾವಿನ ಶಿಬಿರಗಳಿಗೆ ಕಳಿಸುತ್ತಿದ್ದ ವೆಸ್ಟರ್‌ಬೋರ್ಕ್ ಶಿಬಿರದ ರೈಲುಗಳು ಓಡಿದ್ದವು. ನೆದರ್ಲೆಂಡ್ಸಿನಿಂದ ಒಯ್ದ ಯಹೂದಿಗಳು 1,00,000ಕ್ಕೂ ಹೆಚ್ಚು. ಮರಳಿದವರು ಸುಮಾರು 5,000. ಆಗ ರೈಲು ನಿಲ್ಲಲಿಲ್ಲ. ಅದಕ್ಕೂ ಮೊದಲು, 1941ರ ಫೆಬ್ರವರಿಯಲ್ಲಿ, ಯಹೂದಿ ಯುವಕರನ್ನು ಬೀದಿಯಲ್ಲಿ ಹಿಡಿದೊಯ್ದದ್ದಕ್ಕೆ ಆಮ್‌ಸ್ಟರ್‌ಡ್ಯಾಮಿನ ಟ್ರಾಮ್ ಮತ್ತು ಬಂದರು ಕಾರ್ಮಿಕರು ಎರಡು ದಿನ ನಗರವನ್ನೇ ನಿಲ್ಲಿಸಿದ್ದರು. ಅವರಿಗೆ ಯಾವ ರೇಡಿಯೊ ಕರೆಯೂ ಬಂದಿರಲಿಲ್ಲ. ಗುಂಡು ಹಾರಿಸಿ ಅದನ್ನು ಮುರಿದರು. ಆಮೇಲೆ ರೈಲುಗಳು ಹೊರಟಾಗ ಅಂಥ ಇನ್ನೊಂದು ಮುಷ್ಕರ ಬರಲಿಲ್ಲ. ಡಚ್ ರೈಲ್ವೆ ಕ್ಷಮೆ ಕೇಳಿದ್ದು 2005ರಲ್ಲಿ.

ಒಂದೇ ಜನ, ಒಂದೇ ಹಳಿ. ಒಮ್ಮೆ ಹೆದರಿ ರೈಲು ಓಡಿಸಿದರು, ಇನ್ನೊಮ್ಮೆ ಜೀವದ ಹಂಗು ತೊರೆದು ನಿಲ್ಲಿಸಿದರು. ಅವರನ್ನು ವೀರರು ಎನ್ನಲೋ, ಇನ್ನೇನಾದರೂ ಎನ್ನಲೋ, ನನಗೆ ಒಂದು ಪದ ಸಿಗುತ್ತಿಲ್ಲ. ಹುಡುಕುವುದನ್ನೂ ಬಿಟ್ಟಿದ್ದೇನೆ.

ಎರಿಕಾ ಚೆನೊವೆತ್ ಮತ್ತು ಮಾರಿಯಾ ಸ್ಟೀಫನ್ ಎಂಬ ಸಂಶೋಧಕರು 1900ರಿಂದ 2006ರವರೆಗಿನ 323 ಹೋರಾಟಗಳನ್ನು ಲೆಕ್ಕ ಹಾಕಿದ್ದಾರೆ. ಶಸ್ತ್ರ ಹಿಡಿಯದ ಹೋರಾಟಗಳಲ್ಲಿ ನೂರಕ್ಕೆ 53 ಗೆದ್ದವು, ಶಸ್ತ್ರ ಹಿಡಿದವುಗಳಲ್ಲಿ 26. ಮುದುಕರು, ಹೆಂಗಸರು, ಮಕ್ಕಳು ಎಲ್ಲರೂ ಸೇರಬಹುದಾದ ಹೋರಾಟಕ್ಕೆ ಬಲ ಜಾಸ್ತಿ ಎನ್ನುವುದು ಅವರು ಕೊಡುವ ಕಾರಣ. ನಾರ್ವೆ ನೋಡಿದರೆ ಹೌದು ಅನ್ನಿಸುತ್ತದೆ. ಆದರೆ ಗೆದ್ದರೋ ಸೋತರೋ ಎಂಬ ಲೆಕ್ಕ ನನ್ನ ಪ್ರಶ್ನೆಗೆ ಸಾಲದು. ಗೆದ್ದ ಹೋರಾಟದಲ್ಲೂ ಯಾರದೋ ಮಗು ಹಸಿದು ಸತ್ತಿರುತ್ತದೆ.

ಗೆರಿಲ್ಲಾ ಯುದ್ಧದ ಬಗ್ಗೆ ಮಾತು ಬಂದಾಗಲೆಲ್ಲ ಮಾವೊ ಹೇಳಿದ ಹೋಲಿಕೆಯನ್ನು ತರುತ್ತಾರೆ. ಹೋರಾಟಗಾರ ಮೀನು, ಜನ ನೀರು. ಅವನನ್ನು ಹಿಡಿಯಲು ಹೊರಟವರು ಅದನ್ನೇ ತಿರುಗಿಸಿ ಹೇಳಿದರು. ನೀರು ಬತ್ತಿಸಿದರೆ ಮೀನು ಸಾಯುತ್ತದೆ. ಜಾಣ ಮಾತು ಎಂದುಕೊಂಡು ನಾನು ಇದನ್ನು ಎಷ್ಟೋ ಸಲ ಓದಿದ್ದೆ. ನೀರು ಎಂದರೆ ಮನೆ ಮಠ ಇರುವ ಜನ, ಬತ್ತಿಸುವುದು ಎಂದರೆ ಅವರನ್ನು ಎತ್ತಂಗಡಿ ಮಾಡುವುದು ಎಂದು ತಲೆಗೆ ಹೊಳೆಯಲು ತುಂಬ ದಿನ ಬೇಕಾಯಿತು.

ಮಲಯದಲ್ಲಿ, ಅಂದರೆ ಈಗಿನ ಮಲೇಷ್ಯಾದಲ್ಲಿ, 1950ರಿಂದ ಬ್ರಿಟಿಷರು ಹೀಗೆ ಸುಮಾರು ಐದು ಲಕ್ಷ ಜನರನ್ನು ಕಾಡಿನಂಚಿನಿಂದ ಎಬ್ಬಿಸಿದರು. ಹೆಚ್ಚಿನವರು ಬಡ ಚೀನೀ ರೈತರು. ಮುಳ್ಳುತಂತಿ ಸುತ್ತಿದ ನೂರಾರು ಹೊಸ ಹಳ್ಳಿಗಳಲ್ಲಿ ಅವರನ್ನು ಇಟ್ಟರು. ಕಾಡಿನಲ್ಲಿದ್ದ ಹೋರಾಟಗಾರರಿಗೆ ಒಂದು ಹಿಡಿ ಅಕ್ಕಿಯೂ ದಾಟಬಾರದು. ಕೆಲವು ಕಡೆ ಹಸಿ ಅಕ್ಕಿಯನ್ನೇ ಕೊಡದೆ ಎಲ್ಲರಿಗೂ ಒಂದೇ ಕಡೆ ಅನ್ನ ಬೇಯಿಸಿ ಕೊಟ್ಟರು. ಅನ್ನ ಬೇಗ ಹಳಸುತ್ತದಲ್ಲ. ಡಬ್ಬಿಯ ಆಹಾರ ಮಾರಿದರೆ ಅಂಗಡಿಯಲ್ಲೇ ತೂತು ಮಾಡಿ ಕೊಡಬೇಕು. ಬಚ್ಚಿಟ್ಟು ಒಯ್ಯಲು ಆಗಬಾರದು. ಸೈನ್ಯದ ದೃಷ್ಟಿಯಲ್ಲಿ ಇದು ಯಶಸ್ಸು. ಈಗಲೂ ಉದಾಹರಣೆಯಾಗಿ ಪಾಠ ಮಾಡುತ್ತಾರೆ. ಮಗುವಿಗೆ ಎರಡು ತುತ್ತು ಎತ್ತಿಡಲೂ ಅನುಮಾನ ಪಡಬೇಕಾದ ತಾಯಿ ಆ ಪಾಠದಲ್ಲಿ ಬರುವುದಿಲ್ಲ. ಕೆಲವೇ ವರ್ಷಗಳ ನಂತರ ಅಲ್ಜೀರಿಯಾದಲ್ಲಿ ಫ್ರೆಂಚರು ಹೀಗೇ ಊರು ಬಿಡಿಸಿದವರ ಸಂಖ್ಯೆ 20 ಲಕ್ಷ ದಾಟಿತು.

ಪೆರುವಿನ ಬೆಟ್ಟದ ಹಳ್ಳಿಗರ ಪಾಡು ಅತ್ತ ದರಿ ಇತ್ತ ಪುಲಿ. ಆಯಾಕೂಚೊ ಪ್ರದೇಶದ ಲುಕಾನಮಾರ್ಕಾದ ರೈತರು ‘ಹೊಳೆಯುವ ಹಾದಿ’ ಎಂಬ ಗೆರಿಲ್ಲಾ ಪಡೆಗೆ ಎದುರು ನಿಂತರು. 1983ರ ಏಪ್ರಿಲ್ 3ರಂದು ಆ ಪಡೆ ಬಂದು 69 ಜನರನ್ನು ಕೊಡಲಿ, ಮಚ್ಚು, ಬಂದೂಕುಗಳಿಂದ ಕೊಂದಿತು. ಅವರಲ್ಲಿ ಮಕ್ಕಳೂ ಇದ್ದರು. ಬಡ ರೈತರ ಹೆಸರಿನಲ್ಲಿ ಹೋರಾಡುತ್ತಿದ್ದ ಪಡೆ ಅದು. 1985ರ ಆಗಸ್ಟ್ 14ರಂದು ಅದೇ ಪ್ರದೇಶದ ಅಕ್ಕೊಮಾರ್ಕಾ ಹಳ್ಳಿಗೆ ದೇಶದ ಸೈನ್ಯವೇ ಬಂತು. ಗೆರಿಲ್ಲಾಗಳಿಗೆ ನೆರವಾಗುತ್ತೀರಿ ಎಂದು ಹೆಂಗಸರು, ಮಕ್ಕಳು, ಮುದುಕರನ್ನು ಕೊಂದಿತು. 2003ರಲ್ಲಿ ಅಲ್ಲಿನ ಸತ್ಯಶೋಧನಾ ಆಯೋಗ ಕೊಟ್ಟ ಅಂದಾಜು, ಇಪ್ಪತ್ತು ವರ್ಷಗಳಲ್ಲಿ ಸತ್ತವರು ಮತ್ತು ಕಾಣೆಯಾದವರು ಸುಮಾರು 69,000. ನಾಲ್ವರಲ್ಲಿ ಮೂವರು ಕೆಚುವಾ ಅಥವಾ ಬೇರೆ ಮೂಲಭಾಷೆ ಆಡುವವರು. ರಾಜಧಾನಿ ಲಿಮಾದಲ್ಲಿದ್ದವರಿಗೆ ಇಷ್ಟು ಜನ ಸಾಯುತ್ತಿರುವುದು ಸರಿಯಾಗಿ ಗೊತ್ತಾಗಲೇ ಇಲ್ಲ. ಸತ್ತವರ ಮಾತು ಅವರಿಗೆ ಅರ್ಥವಾಗುವ ಭಾಷೆಯಲ್ಲಿರಲಿಲ್ಲ.

ಎರಡು ಕೋಣ ಕಾದಾಡಿದರೆ ಸಾಯುವುದು ನಡುವಿನ ಗಿಡ ಎನ್ನುತ್ತೇವೆ. ಈ ಮಾತನ್ನು ನಾನೂ ಹಿಂದೆ ತರಗತಿಯಲ್ಲಿ ಹೇಳಿದ್ದೇನೆ. ಆದರೆ ಗಿಡ ಬಾಯಿ ಬಿಟ್ಟು, ನಾನು ಯಾವ ಕೋಣದ ಪರವೂ ಅಲ್ಲ ಎಂದು ಹೇಳಿದರೆ?

ಕೊಲಂಬಿಯಾದ ಸಾನ್ ಹೊಸೆ ದೆ ಅಪಾರ್ತಾದೊ ಎಂಬ ಊರಿನ ರೈತರು 1997ರ ಮಾರ್ಚ್ 23ರಂದು ಅದನ್ನೇ ಹೇಳಿದರು. ಅಲ್ಲಿ ಎಡಪಂಥೀಯ ಗೆರಿಲ್ಲಾಗಳು, ಬಲಪಂಥೀಯ ಖಾಸಗಿ ಪಡೆಗಳು, ಸರ್ಕಾರದ ಸೈನ್ಯ ಮೂವರೂ ಇದ್ದರು. ರೈತರು ತಮ್ಮದು ಶಾಂತಿ ಸಮುದಾಯ ಎಂದು ಸಾರಿ ನಿಯಮ ಬರೆದುಕೊಂಡರು. ಆಯುಧ ಮುಟ್ಟುವುದಿಲ್ಲ. ಯಾವ ಕಡೆಗೂ ಮಾಹಿತಿ ಕೊಡುವುದಿಲ್ಲ, ಯಾವ ಕಡೆಯಿಂದಲೂ ನೆರವು ಕೇಳುವುದಿಲ್ಲ. ಕೆಲಸವನ್ನು ಕೂಡಿ ಮಾಡುತ್ತೇವೆ. ಕೇಳಲು ಎಷ್ಟು ಸರಳ, ಅಲ್ವಾ? ಮಾಹಿತಿ ಕೊಡುವುದಿಲ್ಲ ಎನ್ನುವುದೇ ಅಲ್ಲಿ ಎಲ್ಲರ ಕೋಪಕ್ಕೂ ಕಾರಣವಾಯಿತು. ನಿನ್ನೆ ರಾತ್ರಿ ಯಾರು ಬಂದಿದ್ದರು ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಸಿಗುತ್ತಿತ್ತು. ನಂತರದ ವರ್ಷಗಳಲ್ಲಿ ಆ ಸಮುದಾಯದ ನೂರಾರು ಜನ ಕೊಲೆಯಾದರು. 2005ರ ಫೆಬ್ರವರಿ 21ರಂದು ಅವರ ಮುಂದಾಳುಗಳಲ್ಲಿ ಒಬ್ಬರಾದ ಲೂಯಿಸ್ ಎದುವಾರ್ದೊ ಗೆರ್ರಾ ಸೇರಿ ಎಂಟು ಜನರನ್ನು ಕೊಂದರು. ಮೂವರು ಮಕ್ಕಳು. ಅದರಲ್ಲಿ ಖಾಸಗಿ ಪಡೆಯವರ ಜೊತೆ ಸೈನಿಕರೂ ಇದ್ದರು ಎಂದು ಆಮೇಲೆ ಸಾಬೀತಾಯಿತು.

ಸರ್ಕಾರ ಆ ಊರಿನೊಳಗೆ ಪೊಲೀಸ್ ಠಾಣೆ ತೆರೆಯಿತು. ರಕ್ಷಣೆಗೆ ಎಂದಿತು. ಬಂದೂಕು ಇರುವ ಜಾಗದಲ್ಲಿ ನಾವಿರುವುದಿಲ್ಲ ಎಂದು ಆ ಜನ ತಾವು ಕಟ್ಟಿದ ಮನೆಗಳನ್ನು ಬಿಟ್ಟು ಎದ್ದರು. ಸ್ವಲ್ಪ ದೂರ ಹೋಗಿ ಮತ್ತೆ ಮನೆ ಕಟ್ಟಿಕೊಂಡರು. ನಾನು ಓದಿದ ಎಲ್ಲ ಪ್ರತಿರೋಧಗಳಲ್ಲಿ ಇದು ನನಗೆ ಅತ್ಯಂತ ದೊಡ್ಡದಾಗಿ ಕಾಣುತ್ತದೆ. ನಿಯಮ ಬರೆಯುವಾಗ ಎಲ್ಲರೂ ಒಟ್ಟಿಗೆ ಕೂತಿದ್ದರು. ಸತ್ತವರಲ್ಲಿ ಅನೇಕರು ಆ ಮಾತುಕತೆಯಲ್ಲಿ ತಾವೇ ಕೂತು ಹೌದು ಎಂದವರು. ಆ ಮೂವರು ಮಕ್ಕಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅದನ್ನೂ ನಾನು ಬರೆಯಲೇಬೇಕು.

ಕಾನೂನು ಇದೆ. 1949ರ ನಾಲ್ಕನೇ ಜಿನೀವಾ ಒಪ್ಪಂದ ಒಬ್ಬನ ತಪ್ಪಿಗೆ ಊರಿಗೆಲ್ಲ ಶಿಕ್ಷೆ ಕೊಡುವುದನ್ನು, ಜನರನ್ನು ಒತ್ತೆಯಾಳಾಗಿ ಹಿಡಿಯುವುದನ್ನು ನಿಷೇಧಿಸಿದೆ. ಲಿಡಿಸೆಯಂಥ ಊರುಗಳ ಬೂದಿಯಿಂದ ಎದ್ದುಬಂದ ಸಾಲುಗಳು ಅವು. 1977ರಲ್ಲಿ ಸೇರಿಸಿದ ನಿಯಮದ ಪ್ರಕಾರ ಕಾಳಗದಲ್ಲಿ ನೇರವಾಗಿ ಪಾಲ್ಗೊಳ್ಳುವ ಹೊತ್ತಿನಲ್ಲಿ ಮಾತ್ರ ನಾಗರಿಕನಿಗೆ ರಕ್ಷಣೆ ತಪ್ಪುತ್ತದೆ. ಹಾಗಾದರೆ ಹೋರಾಟಗಾರನಿಗೆ ಊಟ ಹಾಕಿದವಳು? ಅದು ನೇರ ಪಾಲ್ಗೊಳ್ಳುವಿಕೆ ಅಲ್ಲ ಎಂದು ರೆಡ್ ಕ್ರಾಸ್ ಸಮಿತಿ 2009ರಲ್ಲಿ ಕೊಟ್ಟ ವಿವರಣೆ ಹೇಳುತ್ತದೆ. ಮಧ್ಯರಾತ್ರಿ ಬಾಗಿಲು ಬಡಿಯುವವನ ಜೇಬಿನಲ್ಲಿ ಆ ವಿವರಣೆ ಇರುವುದಿಲ್ಲ. ಆದರೂ ಆ ಸಾಲು ಬರೆದಿಟ್ಟದ್ದು ಒಳ್ಳೆಯದೇ. ಮುಂದೆ ಎಂದಾದರೂ ನ್ಯಾಯಾಲಯದಲ್ಲಿ ಬೇಕಾಗುತ್ತದೆ.

ಎಲ್ಲ ಕಡೆಯೂ ಬರೀ ಸಾವೇ ಇತ್ತು ಎಂದಲ್ಲ. 1943ರ ಅಕ್ಟೋಬರ್‌ನಲ್ಲಿ ಡೆನ್ಮಾರ್ಕಿನ ಜನ 7,000ಕ್ಕೂ ಹೆಚ್ಚು ಯಹೂದಿಗಳನ್ನು ದೋಣಿಗಳಲ್ಲಿ ಕಡಲು ದಾಟಿಸಿ ಸ್ವೀಡನ್‌ಗೆ ಮುಟ್ಟಿಸಿದರು. ಅಲ್ಲೂ ಎಷ್ಟೋ ಮೀನುಗಾರರು ಕೈತುಂಬ ದುಡ್ಡು ತೆಗೆದುಕೊಂಡರು. ದುಡ್ಡಿಲ್ಲದವರ ಪಾಲನ್ನು ಬೇರೆಯವರು ಕೂಡಿಸಿ ಕೊಟ್ಟರು. ಮೊದಲು ಓದಿದಾಗ ನನಗೆ ಬೇಜಾರಾಗಿತ್ತು. ಈಗ ಹಾಗನ್ನಿಸುವುದಿಲ್ಲ. ದೋಣಿ ಸಿಕ್ಕಿಬಿದ್ದರೆ ಅವನ ಹೊಟ್ಟೆಪಾಡೇ ಹೋಗುತ್ತಿತ್ತು. ಹೆದರಿಕೆಯೂ ಆಸೆಯೂ ಇದ್ದವನೇ ಕತ್ತಲಲ್ಲಿ ಹುಟ್ಟು ಹಾಕಿದ.

ಲಿಡಿಸೆಯ ಮಕ್ಕಳ ವಿಷಯ ಅರ್ಧಕ್ಕೇ ಬಿಟ್ಟಿದ್ದೆ. ಬರೆಯಲು ಕೈ ಬರಲಿಲ್ಲ. ಒಟ್ಟು 105 ಮಕ್ಕಳು. ಕೆಲವರ ಕೂದಲು, ಕಣ್ಣು ನೋಡಿ ಜರ್ಮನ್ನರಾಗಲು ಯೋಗ್ಯರು ಎಂದು ಆರಿಸಿದರು. 82 ಮಕ್ಕಳನ್ನು ಹೆಲ್ಮ್ನೊ ಶಿಬಿರದಲ್ಲಿ ವಿಷದ ಹೊಗೆಯಲ್ಲಿ ಕೊಂದರು. ಆರಿಸಿದ ಮಕ್ಕಳಿಗೆ ಹೊಸ ಹೆಸರು ಇಟ್ಟು ಜರ್ಮನ್ ಮನೆಗಳಿಗೆ ಕೊಟ್ಟರು. ಯುದ್ಧ ಮುಗಿದ ಮೇಲೆ ಹುಡುಕಿದಾಗ 17 ಮಕ್ಕಳು ಸಿಕ್ಕರು.

ಅವರಲ್ಲಿ ಒಬ್ಬಳು ಹುಡುಗಿ. ಊರು ಸುಟ್ಟಾಗ ಅವಳಿಗೆ ಹತ್ತು ವರ್ಷ. 1946ರಲ್ಲಿ ಅವಳನ್ನು ಪತ್ತೆ ಮಾಡಿ ತಾಯಿಯ ಹತ್ತಿರ ಕರೆತಂದರು. ತಾಯಿ ಶಿಬಿರದಿಂದ ಬದುಕಿ ಬಂದಿದ್ದರು. ಕ್ಷಯ ಹತ್ತಿ ಹಾಸಿಗೆ ಹಿಡಿದಿದ್ದರು. ನಾಲ್ಕು ವರ್ಷ ಜರ್ಮನ್ ಮಾತ್ರ ಆಡಿದ ಹುಡುಗಿಗೆ ಚೆಕ್ ಮರೆತುಹೋಗಿತ್ತು. ತಾಯಿಗೆ ಜರ್ಮನ್ ಬರುತ್ತಿರಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಮೂರನೆಯವರೊಬ್ಬರು ನಿಂತು, ತಾಯಿ ಹೇಳಿದ್ದನ್ನು ಮಗಳಿಗೂ ಮಗಳು ಹೇಳಿದ್ದನ್ನು ತಾಯಿಗೂ ಹೇಳಬೇಕಾಯಿತು.